ಪುಟ ಇಪ್ಪತ್ತಮೂರು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಅಡ್ಡಗೆರೆ. ಅಳೆದು ನೋಡಿದರೆ ಅರ್ಧ ಅಂಗುಲವೂ ಇರಲಿಕ್ಕಿಲ್ಲ. ಮಗಳ ಶಾಲೆಯಿಂದ ಬಂದಿದ್ದ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಸಾಲಿನ ಮುಂದೆ ಯಜಮಾನರು ತಮ್ಮ ಹುದ್ದೆ, ವಿಭಾಗ, ಉಪವಿಭಾಗಗಳನ್ನೆಲ್ಲ ಬರೆದು, ಜಾಗ ಸಾಲದೆ ಅಂಚಿನಲ್ಲೂ ಎರಡು ಪದ ತುರುಕಿದ್ದರು. ಅದರ ಕೆಳಗೆ 'ತಾಯಿಯ ಉದ್ಯೋಗ'. ಅಲ್ಲಿ ಈ ಅಡ್ಡಗೆರೆ. ಇನ್ನೂ ಕೆಳಗೆ 'ಶಾಲೆಯ ಕೆಲಸಕ್ಕೆ ತಾಯಿ ನೆರವಾಗಬಲ್ಲ ಬಿಡುವಿನ ವೇಳೆ'. ಅಲ್ಲಿ ದುಂಡಗಿನ ಅಕ್ಷರದಲ್ಲಿ 'ಇಡೀ ದಿನ'.

ಮನೆಯಾಕೆ ಇದನ್ನು ಕಂಡದ್ದು ಬೆಳಗಿನ ಏಳೂವರೆಗೆ. ಆಗ ಆಕೆಯ ಎಡಗೈಯಲ್ಲಿ ಮಗನ ಕಾಲುಚೀಲ, ಬಲಗೈಯಲ್ಲಿ ಮಗಳ ಜಡೆ, ಬಾಯಲ್ಲಿ ಆ ಜಡೆಗೆ ಹಾಕುವ ರಬ್ಬರ್ ಬ್ಯಾಂಡು, ಕಣ್ಣು ಒಲೆಯ ಮೇಲಿನ ಹಾಲಿನ ಕಡೆಗೆ. (ಕಿವಿಯೊಂದು ಖಾಲಿ ಕೂತಿತ್ತು. 'ನನ್ನ ಕನ್ನಡಕ ಎಲ್ಲಿ' ಎಂದು ಕೂಗಿ ಯಜಮಾನರು ಅದಕ್ಕೂ ಕೆಲಸ ಕೊಟ್ಟರು.) ಊಟದ ಮೇಜಿನ ಮೇಲೆ ಬಿದ್ದಿದ್ದ ಅರ್ಜಿಯತ್ತ ಕಣ್ಣು ಒಂದು ಗಳಿಗೆ ಜಾರಿತು. ಜಾರಿದ್ದು ಅಲ್ಲೇ ನಿಂತಿತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಹನ್ನೊಂದು ವರ್ಷದ ಸಂಸಾರದಲ್ಲಿ ಆಕೆಯ ಕಾವಲಿನಲ್ಲಿ ಹಾಲು ಉಕ್ಕಿದ್ದು ಅದೇ ಮೊದಲು.

ರಬ್ಬರ್ ಬ್ಯಾಂಡನ್ನು ಬಾಯಿಂದ ತೆಗೆದು ಆಕೆ ಕೇಳಿದಳು: "ಏನ್ರೀ ಇದು?"

ಯಜಮಾನರು ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ನೋಡಿದರು. "ಗೆರೆ. ಅನ್ವಯಿಸೋದಿಲ್ಲ ಅನ್ನೋ ಕಡೆ ಹಾಕ್ತಾರೆ."

ಇಲ್ಲಿ ಯಜಮಾನರ ಬಗ್ಗೆ ಎರಡು ಮಾತು ಹೇಳಬೇಕು. ಅವರು ಕೆಟ್ಟವರಲ್ಲ. ಹೆಂಡತಿಗೆ ಎದುರಾಡುವವರೂ ಅಲ್ಲ. ಆದರೆ ಅವರಿದ್ದ ಕೆಲಸ ಅಂಥದ್ದು. ಟೇಬಲ್ ಫ್ಯಾನು ತಯಾರಿಸುವ ಕಾರ್ಖಾನೆಯಲ್ಲಿ, ಕೊರಳಿಗೆ ಒಂದು ಸ್ಟಾಪ್‌ವಾಚು ನೇತುಹಾಕಿಕೊಂಡು, ಕೆಲಸ ಮಾಡುವವರ ಬೆನ್ನ ಹಿಂದೆ ನಿಂತು, ಒಂದು ತಿರುಪು ಬಿಗಿಯಲು ಎಷ್ಟು ಸೆಕೆಂಡು ಬೇಕು ಎಂದು ಬರೆದುಕೊಳ್ಳುವುದು ಅವರ ವೃತ್ತಿ. ಹದಿನಾರು ವರ್ಷ ಇದನ್ನೇ ಮಾಡಿದ್ದರಿಂದ, ಕಾಗದದ ಮೇಲೆ ಇಲ್ಲದ ಕೆಲಸ ಲೋಕದಲ್ಲೇ ಇಲ್ಲ ಎಂಬ ತತ್ತ್ವಜ್ಞಾನ ಅವರ ರಕ್ತದಲ್ಲಿ ಸೇರಿಹೋಗಿತ್ತು. ಅದನ್ನೇ ಈಗಲೂ ಸಮಾಧಾನವಾಗಿ ವಿವರಿಸಿದರು. ಆಕೆ ಕೆಲಸ ಮಾಡುವುದಿಲ್ಲ ಎಂದು ಅವರು ಹೇಳುತ್ತಲೇ ಇಲ್ಲವಂತೆ. ಆದರೆ ಉದ್ಯೋಗ ಎಂದರೆ ಅದಕ್ಕೊಂದು ಪಟ್ಟಿ ಇರಬೇಕು, ಇಂಥ ಕೆಲಸಕ್ಕೆ ಇಷ್ಟು ನಿಮಿಷ ಎಂದಿರಬೇಕು. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಆ ಪಟ್ಟಿ ನೋಡಿ ಕೆಲಸ ಮುಂದುವರಿಸುವಂತಿರಬೇಕು.

"ನಿನ್ನ ಹತ್ರ ಅಂಥದ್ದೇನಾದ್ರೂ ಇದೆಯಾ?" ಎಂದು ಕೇಳಿದರು.

"ಬರೆದುಕೊಟ್ರೆ?"

"ಬರೆದುಕೊಡು. ನಾಲ್ಕು ದಿನ ಅಕ್ಕನ ಮನೆಗೆ ಹೋಗಿ ಬಾ. ನಾನೂ ರಜೆ ಹಾಕಿ, ನಿನ್ನ ಪಟ್ಟಿ ಹಿಡಿದು ಮನೆ ನಡೆಸ್ತೀನಿ. ಆಮೇಲೆ ಈ ಅರ್ಜೀನ ಹೊಸದಾಗಿ ಬರೆಯೋಣ. ಪಟ್ಟಿ ಏನು ಹೇಳುತ್ತೋ ಅದು."

ಮಾತು ಅಲ್ಲಿಗೆ ಗಟ್ಟಿಯಾಯಿತು. ಇದಕ್ಕೆ ಸಾಕ್ಷಿ ಒಂಬತ್ತು ವರ್ಷದ ಮಗಳು. ಪ್ರತಿ ಮಾತಿಗೂ 'ಆದರೆ ಅಮ್ಮ, ನೀನೇ ಹಿಂದೆ ಹೇಳಿದ್ದೆ' ಎಂದು ವಾದ ಹೂಡುತ್ತಿದ್ದ ಕಾರಣ ಮನೆಯಲ್ಲಿ ಆಕೆಯನ್ನು ವಕೀಲೆ ಎಂದೇ ಕರೆಯುತ್ತಿದ್ದರು. ಇನ್ನೊಬ್ಬ ಸಾಕ್ಷಿ ನಾಲ್ಕು ವರ್ಷದ ಮಗ. ಅವನು ಹುಟ್ಟಿದ ಮೇಲೆ ಒಂದು ಕಡೆ ನಿಂತದ್ದನ್ನು ಕಂಡವರಿಲ್ಲವಾದ್ದರಿಂದ ಅವನ ಹೆಸರು ಚೆಂಡು. ಒಂದೇ ಕಾಲುಚೀಲ ಹಾಕಿಕೊಂಡಿದ್ದ ಚೆಂಡು ಆ ಹೊತ್ತಿಗೆ ಸೋಫಾದ ಹಿಂದೆ ಇದ್ದ.

ಮನೆಯಾಕೆಗೆ ಒಳಗೊಳಗೇ ಖುಷಿಯೋ ಖುಷಿ. ಅಡ್ಡಗೆರೆ ಮನಸ್ಸಿಗೆ ನೋವು ಮಾಡಿತ್ತು, ಸುಳ್ಳೇಕೆ. ಹನ್ನೊಂದು ವರ್ಷ ಬೆಳಗಿನಿಂದ ರಾತ್ರಿಯವರೆಗೆ ಬುಗುರಿಯ ಹಾಗೆ ತಿರುಗಿದ್ದಕ್ಕೆ ಕೊನೆಗೆ ಸಿಕ್ಕಿದ್ದು ಅರ್ಧ ಅಂಗುಲ ಶಾಯಿ ಎಂದರೆ ಯಾರು ತಾನೆ ಸಹಿಸುತ್ತಾರೆ? ಆದರೆ ಈಗ ನೋವಿನ ಜಾಗದಲ್ಲಿ ಒಂದು ಯೋಜನೆ ಬಂದು ಕೂತಿತ್ತು. ಬುಧವಾರ ಹೋಗುವುದು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಮನೆ ಅಡಿಮೇಲಾಗುತ್ತದೆ. ಶುಕ್ರವಾರ ಬೆಳಿಗ್ಗೆ 'ಬಂದುಬಿಡು' ಎಂದು ಫೋನು ಬರುತ್ತದೆ. ಶನಿವಾರ ತಾನು ಬಂದು, ಅವಶೇಷಗಳ ನಡುವೆ ನಿಂತು, ಪೆನ್ನು ಮುಂದೆ ಚಾಚುವುದು. ಏನು ಬರೆಸಬೇಕೆಂಬುದೂ ತಲೆಯಲ್ಲಿ ಸಿದ್ಧವಾಗಿತ್ತು. ಇದರಲ್ಲಿ ಎಳ್ಳಷ್ಟೂ ಅನುಮಾನ ಆಕೆಗಿರಲಿಲ್ಲ.

ಪಟ್ಟಿ ನಾಲ್ಕು ಪುಟದಲ್ಲಿ ಮುಗಿಯಬೇಕಿತ್ತು. ವಕೀಲೆಯ ಹಳೆಯ ನೋಟ್‌ಬುಕ್ಕು ಹುಡುಕಿ ತೆಗೆದು, ಮೊದಲ ಸಾಲಿನಲ್ಲಿ 'ಬೆಳಿಗ್ಗೆ 5:30, ಏಳುವುದು' ಎಂದು ಬರೆದಳು. ಬರೆದದ್ದನ್ನು ಓದಿಕೊಂಡಳು. ಬರೀ ಏಳುವುದೇ? ಏಳುವುದಕ್ಕೆ ಎಷ್ಟು ಸಂಗತಿಗಳಿವೆ. ಅಲಾರಾಂ ಹೊಡೆಯುವ ಮೊದಲೇ ಅದನ್ನು ಆರಿಸಬೇಕು, ಇಲ್ಲದಿದ್ದರೆ ಚೆಂಡು ಏಳುತ್ತಾನೆ. ಮೂರನೆಯ ಮೆಟ್ಟಿಲು ಕಿರುಗುಟ್ಟುತ್ತದೆ, ಅದನ್ನು ದಾಟಿ ಇಳಿಯಬೇಕು. ಅಡುಗೆಮನೆಯ ನಲ್ಲಿಯನ್ನು ಅರ್ಧ ಮಾತ್ರ ತಿರುಗಿಸಬೇಕು. ಹೀಗೆ ಏಳುವುದೊಂದೇ ಒಂದು ಪುಟವಾಯಿತು. ಅದನ್ನು ನೋಡಿ ಆಕೆಗೇ ಬೆರಗು. ತಾನು ಇಷ್ಟು ದೊಡ್ಡ ಸಂಸ್ಥೆಯನ್ನು ನಡೆಸುತ್ತಿದ್ದೇನೆಂದು ಆಕೆಗೇ ಗೊತ್ತಿರಲಿಲ್ಲ. ಮೂರು ಮಧ್ಯಾಹ್ನ ಕೂತು ಬರೆದಳು. ಬರೆಯುತ್ತಾ ಬರೆಯುತ್ತಾ ಹೆಮ್ಮೆ ಏರಿತು. ಹೆಮ್ಮೆ ಏರಿದ ಹಾಗೆ, ಯಾರಿಗೂ ಹೇಳಬಾರದ ಸಂಗತಿಗಳೂ ಒಂದೊಂದಾಗಿ ಪುಟಕ್ಕೆ ಇಳಿದವು. ತನ್ನ ಕೈಚಳಕವನ್ನು ತಾನೇ ಬಚ್ಚಿಟ್ಟರೆ ಲೋಕಕ್ಕೆ ಗೊತ್ತಾಗುವುದು ಹೇಗೆ?

'ಚೆಂಡು ಕ್ಯಾರೆಟ್ ತಿನ್ನುವುದಿಲ್ಲ,' ಎಂದು ಪುಟ ಒಂಬತ್ತರಲ್ಲಿತ್ತು. 'ತಟ್ಟೆಯನ್ನು ಮೇಜಿನ ಮೇಲಿಟ್ಟು, ಇದು ಅಕ್ಕನಿಗೆ, ಮುಟ್ಟಬೇಡ ಎಂದು ಹೇಳಿ ಅಡುಗೆಮನೆಗೆ ಹೋಗುವುದು. ಹಿಂತಿರುಗಿ ನೋಡಬಾರದು. ನಾಲ್ಕು ನಿಮಿಷದಲ್ಲಿ ತಟ್ಟೆ ಖಾಲಿ.'

'ವಕೀಲೆಯ ತಲೆ ಬಾಚುವುದು: ಇವತ್ತು ಒಂದೇ ಜಡೆ, ಹೊತ್ತಿಲ್ಲ ಎನ್ನುವುದು. ತಕ್ಷಣ ಎರಡು ಬೇಕೆಂದು ವಾದಕ್ಕೆ ಕೂರುತ್ತಾಳೆ. ಕೂತಳಲ್ಲ, ಅಷ್ಟೇ ಬೇಕಾಗಿದ್ದು.'

'ಸೋಮವಾರ ಬೆಳಿಗ್ಗೆ 5:40: ಸ್ಟೂಲು ಹತ್ತಿ ಹಾಲ್‌ನ ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸುವುದು. (ಭಾನುವಾರ ಯಜಮಾನರು ಸರಿಮಾಡಿರುತ್ತಾರೆ.) ಹೀಗೆ ಮಾಡದಿದ್ದರೆ ಈ ಮನೆಯಲ್ಲಿ ಯಾರೂ ಎಲ್ಲಿಗೂ ಸರಿಯಾದ ಹೊತ್ತಿಗೆ ತಲುಪುವುದಿಲ್ಲ.'

ಪುಟ ಹದಿನಾಲ್ಕಕ್ಕೆ 'ಯಜಮಾನರ ನಿರ್ವಹಣೆ' ಎಂಬ ಶೀರ್ಷಿಕೆ. (ಅವರೇ ಓದುವ ಪುಸ್ತಕದಲ್ಲಿ ಅವರದೇ ನಿರ್ವಹಣೆ ಏತಕ್ಕೆ ಎಂದು ಕೇಳಬೇಡಿ. ಬರೆಯುವವರ ಕೈಗೆ ವೇಗ ಬಂದಮೇಲೆ ಅದು ನಿಲ್ಲುವುದಿಲ್ಲ.) 'ಒಂದು: ಕನ್ನಡಕ ಕಳೆದರೆ ಫ್ರಿಜ್ಜಿನ ಮೇಲೆ ನೋಡುವುದು. ಅಲ್ಲೇ ಇರುತ್ತದೆ. ಎರಡು: ಸಿಕ್ಕ ತಕ್ಷಣ ಕೊಡಬಾರದು. ಎರಡು ನಿಮಿಷ ಹುಡುಕಲಿ, ಇಲ್ಲದಿದ್ದರೆ ಬೆಲೆ ತಿಳಿಯುವುದಿಲ್ಲ. ಮೂರು: ಅವರು ಏನಾದರೂ ಬೇಡದ್ದನ್ನು ಮಾಡೋಣ ಎಂದರೆ, ಇಲ್ಲ ಎನ್ನಬಾರದು. ಆಯ್ತು, ಭಾನುವಾರ ಮಾಡೋಣ ಎನ್ನುವುದು. ಭಾನುವಾರದೊಳಗೆ ಮರೆತಿರುತ್ತಾರೆ.' ಈ ಮೂರನೆಯ ಸೂತ್ರದ ಬಲದಿಂದ ಆ ಮನೆ ಒಂದು ಮೀನಿನ ತೊಟ್ಟಿ, ಒಂದು ಅಟ್ಟದ ಮೇಲಿನ ಈಜುಕೊಳ ಮತ್ತು ಎರಡು ಆಡುಗಳಿಂದ ಪಾರಾಗಿತ್ತು.

ಪೆನ್ನು ತಡವರಿಸಿದ್ದು ಪುಟ ಇಪ್ಪತ್ತಮೂರಕ್ಕೆ ಬಂದಾಗ. 'ಬೆಳಿಗ್ಗೆ 11:00ರಿಂದ 11:40.'

ವಾರದ ದಿನಗಳಲ್ಲಿ ಆ ಹೊತ್ತಿಗೆ ವಕೀಲೆ ಶಾಲೆಯಲ್ಲಿ, ಚೆಂಡು ಶಿಶುವಿಹಾರದಲ್ಲಿ, ಯಜಮಾನರು ಯಾರದೋ ಬೆನ್ನ ಹಿಂದೆ. ಮನೆಗೆಲಸದ ಮೊದಲ ಭಾಗ ಮುಗಿದು ಎರಡನೆಯದು ಶುರುವಾಗುವ ಮುನ್ನ ಆಕೆ ಮುಂಬಾಗಿಲಿಗೆ ಚಿಲಕ ಹಾಕಿ, ಕರೆಗಂಟೆಯ ಸ್ವಿಚ್ಚು ಆರಿಸಿ, ಒಂದು ಲೋಟ ಟೀ ಹಿಡಿದು, ಒಂದು ಕುರ್ಚಿಯಲ್ಲಿ ಕೂತು ಇನ್ನೊಂದರ ಮೇಲೆ ಕಾಲು ನೀಡುತ್ತಿದ್ದಳು. ಅಷ್ಟೇ. ಓದುತ್ತಿರಲಿಲ್ಲ, ಹೊಲಿಯುತ್ತಿರಲಿಲ್ಲ, ಫೋನು ನೋಡುತ್ತಿರಲಿಲ್ಲ. ಇದು ಲೋಕದಲ್ಲಿ ಆಕೆಯೊಬ್ಬಳಿಗೆ ಮಾತ್ರ ಗೊತ್ತಿದ್ದ ಸಂಗತಿ. ಯಾರಾದರೂ 'ಹನ್ನೊಂದಕ್ಕೆ ಬಂದಿದ್ದೆ, ಬಾಗಿಲು ತೆಗೀಲಿಲ್ಲ' ಎಂದರೆ, ಅಟ್ಟ ಗುಡಿಸುತ್ತಿದ್ದೆ, ಕೇಳಿಸಲಿಲ್ಲ ಎನ್ನುತ್ತಿದ್ದಳು. ಆ ಲೆಕ್ಕದಲ್ಲಿ ಆ ಮನೆಯ ಅಟ್ಟದಷ್ಟು ಸ್ವಚ್ಛವಾದ ಅಟ್ಟ ಭೂಮಿಯ ಮೇಲೆ ಇನ್ನೊಂದಿಲ್ಲ.

ಇಲ್ಲೂ 'ಅಟ್ಟ ಗುಡಿಸುವುದು' ಎಂದೇ ಬರೆಯಲು ಹೊರಟಳು. ಆದರೆ ಇಪ್ಪತ್ತೆರಡು ಪುಟ ಸತ್ಯ ಬರೆದ ಕೈ ಸುಳ್ಳು ಬರೆಯಲು ಒಪ್ಪಲಿಲ್ಲ. ಜೊತೆಗೆ, ಪಾಪ, ಅವರಾದರೂ ನಾಲ್ಕು ದಿನ ಇಷ್ಟನ್ನೂ ಮಾಡಿ ಕುಸಿದುಬಿದ್ದರೆ? ಹೀಗಾಗಿ ನಿಜವನ್ನೇ ಬರೆದಳು. 'ಬಾಗಿಲಿಗೆ ಚಿಲಕ. ಕರೆಗಂಟೆ ಆರಿಸುವುದು. ಕೂತು ಕಾಲು ಮೇಲಿಡುವುದು. ಏನೂ ಮಾಡಬಾರದು. ಯಾರು ಬಂದರೂ ಬಾಗಿಲು ತೆಗೆಯಬಾರದು, ಹೆತ್ತ ತಾಯಿ ಬಂದರೂ ಸರಿಯೇ. ಇದೊಂದನ್ನು ತಪ್ಪಿಸಿದರೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ.' ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಳು.

ಮಾರನೆಯ ದಿನ ಓದಿದಾಗ, ಇಷ್ಟು ಬರೆಯಬಾರದಿತ್ತು ಎನಿಸಿತು. ಹಾಳೆ ಹರಿದುಬಿಡೋಣವೆಂದರೆ ಅದರ ಹಿಂಬದಿಯಲ್ಲಿ ನೀರಿನ ಮೋಟಾರು ಹಾಕುವ ಕ್ರಮವಿತ್ತು. ಇರಲಿ ಬಿಡು ಎಂದುಕೊಂಡಳು. ಈ ಮನೆಯಲ್ಲಿ ಪತ್ರಿಕೆಯನ್ನೇ ಎರಡನೆಯ ಪುಟದ ಆಚೆ ಓದುವವರಿಲ್ಲ. ಇಪ್ಪತ್ತಮೂರನೆಯ ಪುಟದವರೆಗೆ ಯಾರು ತಾನೆ ಬದುಕಿರುತ್ತಾರೆ?

ಬುಧವಾರ ಬೆಳಿಗ್ಗೆ ಪುಸ್ತಕವನ್ನು ಯಜಮಾನರ ಕೈಗೆ ಒಪ್ಪಿಸಿದಳು. ಒಟ್ಟು ಐವತ್ತೆರಡು ಪುಟ. ಯಜಮಾನರು ಅದನ್ನು ಕೈಯಲ್ಲಿ ತೂಗಿ ನೋಡಿ, ನಮ್ಮ ಇಡೀ ಕಾರ್ಖಾನೆಯದು ಹದಿನೆಂಟೇ ಪುಟ ಎಂದರು. ಆಕೆ ಸೂಟ್‌ಕೇಸು ಎತ್ತಿಕೊಂಡು ಹೊರಟಳು. ಬೀದಿ ಕೊನೆಯ ತಿರುವಿನಲ್ಲಿ ತಿರುಗಿ ನೋಡಿದಾಗ, ಸ್ಟಾಪ್‌ವಾಚು ಕೊರಳಿಗೆ ಹಾಕಿಕೊಂಡ ಯಜಮಾನರು ಬಾಗಿಲಲ್ಲಿ ನಿಂತು ಒಂದನೇ ಪುಟ ಓದುತ್ತಿದ್ದರು. ಚೆಂಡು ಅವರ ಕಾಲ ನಡುವಿನಿಂದ ಆಗಲೇ ಹೊರಗೆ ಬಂದಿದ್ದ. ಆಕೆಗೆ ನಗು ತಡೆಯಲಾಗಲಿಲ್ಲ.

ಅಕ್ಕನ ಮನೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅಲ್ಲಿ ಆಕೆಗೆ ಕೆಲಸವೇನೂ ಇರಲಿಲ್ಲ. ಕೆಲಸವಿಲ್ಲದೆ ಇರುವ ಅಭ್ಯಾಸವೂ ಇರಲಿಲ್ಲ. ಮೊದಲ ದಿನ ಅಕ್ಕನ ಡಬ್ಬಿಗಳನ್ನೆಲ್ಲ ಎತ್ತರದ ಕ್ರಮದಲ್ಲಿ ಜೋಡಿಸಿದಳು. ಎರಡನೆಯ ದಿನ ಭಾವನ ಚಪ್ಪಲಿಗಳಿಗೆ ಒಂದು ಜಾಗ ಗೊತ್ತುಮಾಡಿದಳು. ಮೂರನೆಯ ದಿನ ಅಕ್ಕ ಸೊಂಟದ ಮೇಲೆ ಕೈಯಿಟ್ಟು, ನೀನು ರಜಕ್ಕೆ ಬಂದಿದ್ದೀಯೋ ತಪಾಸಣೆಗೆ ಬಂದಿದ್ದೀಯೋ ಎಂದು ಕೇಳಿದಳು.

ಫೋನು ಬರಲಿಲ್ಲ. ಬುಧವಾರ ಬರಲಿಲ್ಲ, ಸರಿ, ಅಭಿಮಾನ. ಗುರುವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ತಾನೇ ಮಾಡಿದಳು. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಮುಳುಗಿದರು ಎಂದುಕೊಂಡು ನೆಮ್ಮದಿಯಿಂದ ಊಟ ಮಾಡಿದಳು. ಅಂದು ಸಂಜೆ ಮತ್ತೆ ಮಾಡಿದಾಗ ವಕೀಲೆ ಎತ್ತಿದಳು. "ಅಮ್ಮ, ಈಗ ಪುಟ ಮೂವತ್ತೊಂದು ನಡೀತಿದೆ. ಆಮೇಲೆ ಮಾಡ್ತೀಯಾ?" ಎಂದು ಇಟ್ಟೇಬಿಟ್ಟಳು. ಹಿಂದಿನಿಂದ ಅಳುವಿನ ಸದ್ದಾಗಲಿ, ಪಾತ್ರೆ ಬಿದ್ದ ಸದ್ದಾಗಲಿ ಕೇಳಿಸಲಿಲ್ಲ. ಆ ನಿಶ್ಶಬ್ದ ಆಕೆಗೆ ಸ್ವಲ್ಪವೂ ಹಿಡಿಸಲಿಲ್ಲ. ಮಕ್ಕಳು ತಾನಿಲ್ಲದೆ ನೆಮ್ಮದಿಯಾಗಿದ್ದಾರೆಂದರೆ ತಾಯಿಗೆ ಸಂತೋಷವಾಗಬೇಕು. ಆಕೆಗೆ ಆಗಲಿಲ್ಲ. ಅದನ್ನು ಅಕ್ಕನ ಮುಂದೆ ಒಪ್ಪಿಕೊಳ್ಳಲೂ ಇಲ್ಲ.

ಶನಿವಾರ ಸಂಜೆ ಹೋಗಬೇಕಾದವಳು ಬೆಳಗಿನ ಬಸ್ಸಿಗೇ ಹೊರಟಳು. ಮುನ್ಸೂಚನೆ ಸಿಕ್ಕರೆ ಗುಡಿಸಿ ಒರೆಸಿ ಸಾಕ್ಷ್ಯ ನಾಶ ಮಾಡಿಬಿಟ್ಟಾರು. ಹಸಿ ಹಸಿಯಾಗಿ ಹಿಡಿಯಬೇಕು. ಬಸ್ಸಿನಲ್ಲಿ ಕೂತು, ಬಾಗಿಲು ತೆರೆದಾಗ ಹೇಳಬೇಕಾದ ಮಾತನ್ನು ಮೂರು ಸಲ ಅಭ್ಯಾಸ ಮಾಡಿದಳು. ಜಂಬ ಕಾಣಬಾರದು, ಕರುಣೆ ಕಾಣಬೇಕು.

ಮನೆಯೆದುರು ಇಳಿದಾಗ ಹನ್ನೊಂದೂ ಐದು. ಮೊದಲು ಕಣ್ಣಿಗೆ ಬಿದ್ದದ್ದು ಒಣಹಾಕಿದ ಬಟ್ಟೆ. ಕಾಲುಚೀಲಗಳು ಜೋಡಿ ಜೋಡಿಯಾಗಿ, ಒಂದೇ ಕ್ಲಿಪ್ಪಿನಲ್ಲಿ, ಪುಟ ಹದಿನೇಳರ ಪ್ರಕಾರವೇ ನೇತಾಡುತ್ತಿದ್ದವು. ಕುಂಡದ ಗಿಡಗಳಿಗೆ ನೀರು ಬಿದ್ದಿತ್ತು. ಕಸದ ಡಬ್ಬಿ ಖಾಲಿಯಾಗಿ ಬೋರಲು ಮಲಗಿತ್ತು. ಕರೆಗಂಟೆ ಒತ್ತಿದಳು. ಸದ್ದಿಲ್ಲ. ಬಾಗಿಲು ತಟ್ಟಿದಳು. ಒಳಗೆ ಪಿಸುಪಿಸು ಕೇಳಿಸಿತು. ಆಮೇಲೆ ವಕೀಲೆಯ ಧ್ವನಿ.

"ಯಾರು?"

"ನಾನು ಕಣೇ. ಬಾಗಿಲು ತೆಗಿ."

ಒಳಗೆ ಪುಟ ತಿರುವಿದ ಸದ್ದಾಯಿತು. "ಹನ್ನೊಂದು ನಲವತ್ತಕ್ಕೆ ಬಾ ಅಮ್ಮ."

"ಏನಂದೆ?"

"ಪುಟ ಇಪ್ಪತ್ತಮೂರು. ಯಾರು ಬಂದರೂ ಬಾಗಿಲು ತೆಗೆಯಬಾರದು, ಹೆತ್ತ ತಾಯಿ ಬಂದರೂ ಸರಿಯೇ. ನೀನು ತಾನೆ ನನ್ನ ಹೆತ್ತ ತಾಯಿ? ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀಯ."

ತಾನು ಯಾರನ್ನು ಹೆತ್ತಿದ್ದೇನೆಂಬುದರಲ್ಲಿ ಆಕೆಗೆ ಆ ಕ್ಷಣದಲ್ಲಿ ಲವಲೇಶ ಸಂದೇಹವೂ ಉಳಿಯಲಿಲ್ಲ. ರೀ ಎಂದು ಕೂಗಿದಳು. ಯಜಮಾನರ ದನಿ ಬಹಳ ಆರಾಮವಾಗಿ, ಮಲಗಿದಲ್ಲಿಂದ ಬಂದ ಹಾಗೆ ಬಂತು. ಇನ್ನು ಮೂವತ್ತೆರಡು ನಿಮಿಷ ನಲವತ್ತು ಸೆಕೆಂಡು ಇದೆ, ನಡುವೆ ನಿಲ್ಲಿಸಿದರೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲವಂತಲ್ಲ ಎಂದರು. ಚೆಂಡು ಮಾತ್ರ ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಬೆರಳು ತೂರಿಸಿ ಆಡಿಸಿದ. ಆಕೆ ಬಗ್ಗಿ ಆ ಬೆರಳುಗಳನ್ನು ಮುಟ್ಟಿದಳು. ನಾಲ್ಕು ದಿನದ ಮೇಲೆ ಮಗನ ದರ್ಶನ ಅಷ್ಟೇ ಆದದ್ದು.

ಎದುರುಮನೆಯ ಟೈಲರು ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ. ಒಂದು ಸ್ಟೂಲು ತಂದುಕೊಟ್ಟು, ಕೂತ್ಕೊಳ್ಳಿ ಅಕ್ಕ, ಮೂರು ದಿನದಿಂದ ಇದೇ ಹೊತ್ತಿಗೆ ಇದೇ ಕಥೆ, ನಿನ್ನೆ ಗ್ಯಾಸಿನವನು ಸಿಲಿಂಡರನ್ನೇ ನಮ್ಮನೆಯಲ್ಲಿ ಇಳಿಸಿ ಹೋದ ಎಂದು ವರದಿ ಒಪ್ಪಿಸಿದ. ಅಂತೂ ಆಕೆ ತನ್ನ ಮನೆಯ ಮುಂದೆ, ಬೀದಿಯಲ್ಲಿ, ಸ್ಟೂಲಿನ ಮೇಲೆ ಕೂತಳು. ಸಿಟ್ಟು ಬರುತ್ತಿತ್ತು. ಆದರೆ ಹನ್ನೊಂದು ವರ್ಷದ ಅಭ್ಯಾಸವನ್ನು ಏನು ಮಾಡುವುದು? ಹೊತ್ತು ಹನ್ನೊಂದರ ಮೇಲಾಗಿತ್ತು. ಕಾಲು ತಾನಾಗಿಯೇ ಎದ್ದು ಸೂಟ್‌ಕೇಸಿನ ಮೇಲೆ ಕೂತುಕೊಂಡಿತು. ಟೈಲರು ಒಂದು ಲೋಟ ಟೀಯನ್ನೂ ತಂದುಕೊಟ್ಟ.

ಹನ್ನೊಂದು ನಲವತ್ತಕ್ಕೆ ಒಳಗೆ ಸ್ಟಾಪ್‌ವಾಚು ಟಿಕ್ ಎಂದಿತು, ಚಿಲಕ ಸರಿಯಿತು. ಚೆಂಡು ಹಾರಿ ಕೊರಳಿಗೆ ಬಿದ್ದ. ಆಕೆ ಅವನನ್ನು ಎತ್ತಿಕೊಂಡೇ ಮನೆಯ ಮೇಲೆ ಕಣ್ಣಾಡಿಸಿದಳು. ನೆಲ ಹೊಳೆಯುತ್ತಿತ್ತು. ಡಬ್ಬಿಗಳು ಡಬ್ಬಿಯ ಜಾಗದಲ್ಲಿದ್ದವು. ಹಾಲ್‌ನ ಗಡಿಯಾರ ಹನ್ನೊಂದು ನಲವತ್ತೊಂದು ತೋರಿಸುತ್ತಿತ್ತು. ಅಂದರೆ, ಹನ್ನೊಂದು ನಲವತ್ತೊಂದಕ್ಕೆ ಅದು ಹನ್ನೊಂದು ನಲವತ್ತೊಂದನ್ನೇ ತೋರಿಸುತ್ತಿತ್ತು. ಆಕೆಯ ಮುಖ ಬಿಳಿಚಿತು.

"ಮೂರು ಸಲ ರಿಪೇರಿಗೆ ಕೊಟ್ಟಿದ್ದೆ," ಎಂದರು ಯಜಮಾನರು, ಗಡಿಯಾರವನ್ನೇ ನೋಡುತ್ತ. "ರಿಪೇರಿಯವನ ಹತ್ರ ಜಗಳ ಆಡಿ ಮಾತು ಬಿಟ್ಟಿದ್ದೆ. ಗುರುವಾರ ಹೋಗಿ ಕ್ಷಮೆ ಕೇಳಿಬಂದೆ."

ಆಕೆ ಬಾಯಿ ತೆರೆಯುವ ಮೊದಲೇ ಚೆಂಡು ಕೈಜಾರಿ ಇಳಿದು, ಅಡುಗೆಮನೆಯಿಂದ ಒಂದು ತಟ್ಟೆ ಕ್ಯಾರೆಟ್ ತಂದು ಮೇಜಿನ ಮೇಲಿಟ್ಟ. "ಇದು ಅಕ್ಕನಿಗೆ ಅಂತ ಸುಳ್ಳು ಹೇಳು ಅಮ್ಮ. ಆಮೇಲೆ ಅಡುಗೆಮನೆಗೆ ಹೋಗು. ಆಗ ತಿಂತೀನಿ," ಎಂದ. ವಕೀಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ಒಂದು ಜಡೆ ಎಂದರೆ ಎರಡು ಎನ್ನುತ್ತೇನೆಂದು ಅಮ್ಮನಿಗೆ ಗೊತ್ತಿರುವುದು ತನಗೂ ಗೊತ್ತಾಗಿರುವುದರಿಂದ, ಸೋಮವಾರದಿಂದ ಮಾತುಕತೆ ನಾಲ್ಕು ಜಡೆಯಿಂದ ಶುರುವಾಗುತ್ತದೆ ಎಂದು ತಿಳಿಸಿದಳು. ಹನ್ನೊಂದು ವರ್ಷ ಕಟ್ಟಿ ಬೆಳೆಸಿದ ರಾಜತಂತ್ರವೆಲ್ಲ ಐವತ್ತೆರಡು ಪುಟದಲ್ಲಿ ಶತ್ರುಪಾಳಯಕ್ಕೆ ತಾನೇ ಹಂಚಿಬಿಟ್ಟೆನೆಂಬುದು ಆಕೆಗೆ ಅರ್ಥವಾಗುತ್ತ ಬಂತು.

ಆದರೂ ಅದೆಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದ್ದುದು ಹೊಳೆಯುವ ನೆಲ. ಮನೆ ಕುಸಿದಿರಲಿಲ್ಲ. ತಾನಿಲ್ಲದೆಯೂ ನಡೆದಿತ್ತು. ಹಾಗಾದರೆ ಅಡ್ಡಗೆರೆಯೇ ಸರಿ ಎಂದಾಯಿತಲ್ಲ. ಆಕೆ ಕುರ್ಚಿಯಲ್ಲಿ ಕುಸಿದಳು. ಕಾಲು ಮೇಲಿಡಲಿಲ್ಲ.

ಯಜಮಾನರು ಪುಸ್ತಕವನ್ನು ತಂದು ಆಕೆಯ ಮುಂದೆ ಬಿಚ್ಚಿಟ್ಟರು. ಪ್ರತಿ ಸಾಲಿನ ಪಕ್ಕದಲ್ಲೂ ಕೆಂಪು ಪೆನ್ಸಿಲಿನಲ್ಲಿ ಅವರದೇ ಅಂಕಿಗಳು. ಅವರು ಬೇರೇನು ತಾನೆ ಮಾಡಿಯಾರು? ಪ್ರತಿ ಕೆಲಸಕ್ಕೂ ಸ್ಟಾಪ್‌ವಾಚು ಒತ್ತಿದ್ದರು.

"ಚೆಂಡಿಗೆ ಕಾಲುಚೀಲ ಹಾಕೋದು, ನೀನು ಎರಡು ನಿಮಿಷ ಅಂತ ಬರೆದಿದ್ದೀಯ," ಎಂದರು. "ನನಗೆ ಹದಿನೇಳು ಹಿಡೀತು. ಅದೂ ಒಂದೇ ಕಾಲಿಗೆ. ಬುಧವಾರ ಎಲ್ಲಾ ಕೂಡಿಸಿ ನೋಡಿದೆ. ನಿನ್ನ ಒಂದು ದಿನದ ಕೆಲಸ ಮಾಡೋಕೆ ನನಗೆ ಇಪ್ಪತ್ತಾರು ಗಂಟೆ ಬೇಕಿತ್ತು. ದಿನದಲ್ಲಿ ಅಷ್ಟಿಲ್ಲ. ನಿನ್ನ ಪುಸ್ತಕ ಇಲ್ಲದಿದ್ರೆ ನಾವು ಮೂವರೂ ಗುರುವಾರ ನಿನ್ನ ಅಕ್ಕನ ಮನೇಲಿರ್ತಿದ್ವಿ." ಕಾರ್ಖಾನೆಯಲ್ಲಿ ಹದಿನಾರು ವರ್ಷದಲ್ಲಿ ಇಂಥ ಕೆಲಸಗಾರರನ್ನು ತಾವು ನೋಡಿಲ್ಲ ಎಂದರು. ಹೇಳುವಾಗ ಕನ್ನಡಕ ತೆಗೆದು ಒರೆಸಿಕೊಂಡರು.

ಹನ್ನೊಂದು ವರ್ಷದಲ್ಲಿ ಇಷ್ಟು ಸಂತೋಷವಾದ ದಿನ ಆಕೆಗೆ ನೆನಪಿಲ್ಲ. ಗಡಿಯಾರ ಹೋದರೆ ಹೋಯಿತು, ಕ್ಯಾರೆಟ್ ಹೋದರೆ ಹೋಯಿತು. ಇನ್ನೇನು ಪೆನ್ನು ಚಾಚಬೇಕು, ಅಷ್ಟರಲ್ಲಿ ಯಜಮಾನರು ಅದರ ಅಗತ್ಯವಿಲ್ಲ, ಅರ್ಜಿ ಹೊಸದಾಗಿ ಬರೆದು ಶುಕ್ರವಾರವೇ ಕೊಟ್ಟಾಯಿತು ಎಂದರು. ನಕಲು ತೋರಿಸಿದರು. 'ತಾಯಿಯ ಉದ್ಯೋಗ: ಗೃಹ ಆಡಳಿತಾಧಿಕಾರಿ, ಸಮಸ್ತ ವಿಭಾಗಗಳ ಮುಖ್ಯಸ್ಥೆ, ಅನುಭವ ಹನ್ನೊಂದು ವರ್ಷ.' ಜಾಗ ಸಾಲದೆ ಅಂಚಿನಲ್ಲೂ ಮೂರು ಪದ ತುರುಕಿದ್ದರು, ತಮ್ಮದಕ್ಕಿಂತ ಒಂದು ಹೆಚ್ಚು. ಆಕೆ ಅದನ್ನು ಎರಡು ಸಲ ಓದಿದಳು. ಆಮೇಲೆ ಕಣ್ಣು ಒಂದು ಸಾಲು ಕೆಳಗೆ ಇಳಿಯಿತು.

'ಬಿಡುವಿನ ವೇಳೆ: ಪ್ರತಿದಿನ 11:00ರಿಂದ 11:40.'

ಯಜಮಾನರ ಮುಖ ಬೆಳಗುತ್ತಿತ್ತು. 'ಇಡೀ ದಿನ' ಎಂದು ಬರೆದದ್ದು ತಮ್ಮ ಘೋರ ಅಪರಾಧವೆಂದೂ, ಐವತ್ತೆರಡು ಪುಟವನ್ನೂ ಸೋಸಿ ನೋಡಿದರೆ ಬಿಡುವು ಇರುವುದು ಇದೊಂದೇ ಎಂದೂ, ಈ ಸಲ ಒಂದು ನಿಮಿಷವೂ ಹೆಚ್ಚುಕಡಿಮೆಯಾಗದಂತೆ ಬರೆದಿರುವುದಾಗಿಯೂ ಹೇಳಿದರು. ಶಾಲೆಯ ಮೇಡಂ ಅಂತೂ ಕುಣಿದಾಡಿಬಿಟ್ಟರಂತೆ. ಇಷ್ಟು ಖಚಿತವಾಗಿ ಹೊತ್ತು ಬರೆದುಕೊಟ್ಟ ತಾಯಿ ಇದುವರೆಗೆ ಒಬ್ಬರೂ ಇರಲಿಲ್ಲವಂತೆ. ಅಲ್ಲೇ ನಿಂತಲ್ಲೇ ಕೆಲಸವನ್ನೂ ಗೊತ್ತುಮಾಡಿ ಚೀಟಿ ಕೊಟ್ಟಿದ್ದರು. ಶಾಲೆಯ ಗ್ರಂಥಾಲಯದಲ್ಲಿ ಮಕ್ಕಳು ಹರಿದುಹಾಕಿದ ಪುಸ್ತಕಗಳಿಗೆ ಅಂಟು ಹಚ್ಚುವುದು. ಸೋಮವಾರದಿಂದ ಶುಕ್ರವಾರ, ವರ್ಷ ಪೂರ್ತಿ. ಶಾಲೆ ಇದ್ದದ್ದು ಮನೆಯ ಹಿಂದಿನ ಬೀದಿಯಲ್ಲಿ, ಆದ್ದರಿಂದ ದೂರವೆಂದೂ ಹೇಳುವಂತಿರಲಿಲ್ಲ.

"ಅದು ಬಿಡುವಲ್ಲ ರೀ," ಎಂದಳು ಆಕೆ. ದನಿ ಆಕೆಗೇ ಕೇಳಿಸಲಿಲ್ಲ. "ಅದೂ ಕೆಲಸವೇ."

ವಕೀಲೆ ಪುಸ್ತಕವನ್ನು ಎಳೆದುಕೊಂಡು, ಬೆರಳಿಟ್ಟು ಓದಿದಳು. "'ಏನೂ ಮಾಡಬಾರದು.' ಅಕ್ಷರ ನಿನ್ನದೇ ಅಮ್ಮ."

ಆದರೆ ಸೋಲೊಪ್ಪುವ ಜಾಯಮಾನ ಮನೆಯಾಕೆಯದಲ್ಲ. ಯಜಮಾನರು ಎಷ್ಟಾದರೂ ಕಾಗದದ ಮನುಷ್ಯರು, ಒಂದು ಕಾಗದ ಬರೆದು ಇನ್ನೊಂದರಿಂದ ಅಳಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಭಾನುವಾರ ಪೂರ್ತಿ ಅವರಿಗೆ ಇಷ್ಟವಾದದ್ದನ್ನೇ ಬೇಯಿಸಿದಳು. ಗಡಿಯಾರದ ಬಗ್ಗೆ ತಾನಾಗಿಯೇ ಕ್ಷಮೆ ಕೇಳಿದಳು. ಸೋಮವಾರ ಬೆಳಿಗ್ಗೆ ಏಳೂವರೆಗೆ, ಎಡಗೈಯಲ್ಲಿ ಚೆಂಡಿನ ಕಾಲುಚೀಲ, ಬಲಗೈಯಲ್ಲಿ ವ್ಯಾಜ್ಯದಲ್ಲಿದ್ದ ನಾಲ್ಕು ಜಡೆಗಳಲ್ಲಿ ಎರಡನೆಯದು, ಕಣ್ಣು ಹಾಲಿನ ಮೇಲೆ, ಹೀಗಿರುವಾಗ, ರಬ್ಬರ್ ಬ್ಯಾಂಡನ್ನು ಬಾಯಿಂದ ತೆಗೆದು ಬಹಳ ಮೃದುವಾಗಿ ಹೇಳಿದಳು.

"ರೀ, ಕೆಲಸಕ್ಕೆ ಹೋಗೋ ದಾರೀಲಿ ಶಾಲೆಗೆ ಹೋಗಿ ಆ ಹನ್ನೊಂದು ಗಂಟೆ ಸಾಲು ತೆಗೆಸಿಬಿಡ್ತೀರಾ?"

ಯಜಮಾನರು ನೇರವಾಗಿ ಅಡುಗೆಮನೆಗೆ ಬಂದರು. ಯಾರನ್ನೂ ಕೇಳದೆ ಫ್ರಿಜ್ಜಿನ ಮೇಲೆ ಕೈಯಾಡಿಸಿ ಕನ್ನಡಕ ತೆಗೆದು ಮೂಗಿಗೇರಿಸಿದರು. ಇಲ್ಲ ಎನ್ನಲಿಲ್ಲ. ಹೆಂಡತಿಯನ್ನು ನೋಡಿ ಪ್ರೀತಿಯಿಂದ ನಕ್ಕರು.

"ಆಯ್ತು," ಎಂದರು. "ಭಾನುವಾರ ಮಾಡೋಣ."

ಹಾಲು ಉಕ್ಕಿತು.